ಎಡಕ್ಕೆ ಬಿಗಿಯುವ ನಟ್ಟು

ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನೆದುರು ಮೊಯ್ದುಕಾಕನ ಅಂಗಡಿ.
ಆಧಾರ್, ಆರ್‌ಟಿಸಿ, ಸತ್ತವರ ಫೋಟೊ, ಮದುವೆ ಕಾಗದ,
ಎಲ್ಲಕ್ಕೂ ಅದೇ ಪ್ಲಾಸ್ಟಿಕ್ಕು, ಅದೇ ಬಿಸಿ.
ನನ್ನದನ್ನು ಟ್ಯೂಬ್‌ಲೈಟಿಗೆ ಹಿಡಿದು ಕೇಳಿದರು:
"ಎಂಥದಕ್ಕೆ ಇದು? ಡ್ರೈವಿಂಗಿಗಾ?"
ಅಲ್ಲ ಕಾಕಾ, ಬರೆಯಲಿಕ್ಕೆ.
"ಕಥೆ?"
ಅಲ್ಲ. ಮಿಷನ್ನಿನ ಜೊತೆ ಒಂದು ಪುಸ್ತಕ ಬರುತ್ತದಲ್ಲ,
ನೀವು ಓದದೆ ಡ್ರಾಯರಿಗೆ ಹಾಕುತ್ತೀರಲ್ಲ,
ಅದು.
ಕಾಕ ನಕ್ಕರು: "ಕೋವಿಗೇ ಲೈಸೆನ್ಸ್ ಬೇಡದ ಊರು,
ಪೆನ್ನಿಗೆ ಬೇಕಾ, ಮೋಳೇ?"

ಬೇಡ ಅನ್ನುವುದಕ್ಕೂ ಒಂದು ಕಾಗದವಿದೆ, ಅಂದೆ.
ಮಡಿಕೇರಿಯ ಸೀಲು ಬಿದ್ದದ್ದು, ಅಪ್ಪನ ಟ್ರಂಕಿನ ತಳದಲ್ಲಿದೆ.
ಕೈಲ್‌ಪೊಳ್ದಿಗೆ ಕೋವಿಯ ಮೂತಿಗೆ ತೋಕ್ ಪೂ ಸಿಕ್ಕಿಸುತ್ತೇವೆ,
ಕಾಗದಕ್ಕೆ ಯಾರೂ ಸಿಕ್ಕಿಸುವುದಿಲ್ಲ.

ಪರೀಕ್ಷೆ ಮೈಸೂರಿನಲ್ಲಿ. ಮೂರು ಗಂಟೆ, ನೂರಿಪ್ಪತ್ತು ಪ್ರಶ್ನೆ,
ಫೀಸಿಗೆ ಎರಡು ತಿಂಗಳ ಸಂಬಳ.
ಎಂಬತ್ತೊಂದನೆಯದು: ನಿಮ್ಮ ಓದುಗ ಯಾರು?
ನಾಲ್ಕು ಉತ್ತರ ಕೊಟ್ಟಿದ್ದರು. ಸರಿಯಾದದ್ದನ್ನೇ ಒತ್ತಿದೆ.
ನಾಲ್ಕರಲ್ಲಿ ಯಾವುದರಲ್ಲೂ ಮುತ್ತಿ ಇರಲಿಲ್ಲ.

ಮುತ್ತಿ, ತಿತಿಮತಿಯ ಆಶ್ರಮಶಾಲೆಯಲ್ಲಿ ಏಳನೆಯವರೆಗೆ ಓದಿದವಳು,
ಡಿಸೆಂಬರಿನ ರಾತ್ರಿ ಹನ್ನೊಂದಕ್ಕೆ ಪಲ್ಪರಿನ ಪಕ್ಕ ನಿಂತವಳು,
ತಲೆಯ ಮೇಲೆ ಮಿಣಿಮಿಣಿ ಬಲ್ಬು, ಬೆರಳ ತುಂಬ ಹಣ್ಣಿನ ಅಂಟು,
ಪುಟ ತಿರುಗಿಸಹೋದರೆ ಪುಟವೇ ಕಿತ್ತು ಕೈಗೆ ಬರುತ್ತದೆ.

ಅವಳಿಗೆ ನಾನು ಬರೆದಿದ್ದದ್ದು, ಹದಿನಾಲ್ಕನೆಯ ಪುಟದಲ್ಲಿ:
"ಯಂತ್ರವು ಚಾಲನೆಯಲ್ಲಿರುವ ಸಂದರ್ಭದಲ್ಲಿ
ಹಸ್ತಕ್ಷೇಪವನ್ನು ವರ್ಜಿಸತಕ್ಕದ್ದು."
ಹಸ್ತವೂ ಇದೆ, ಕ್ಷೇಪವೂ ಇದೆ,
ಬೆರಳು ಉಳಿಯುವುದು ಮಾತ್ರ ಎಲ್ಲೂ ಇಲ್ಲ.
ಆರು ತಿಂಗಳು ಕಲಿತ ಮೇಲೆ, ಮೊದಲ ಪುಟದಲ್ಲಿ:

ನಿಲ್ಲಿಸು.
ಪ್ಲಗ್ ಕೀಳು.
ಆಮೇಲೆ ಕೈ.

ವರ್ಕ್‌ಶಾಪಿನ ಧಣಿ ಚಂಗಪ್ಪನವರಿಗೆ ಹಿಡಿಸಲಿಲ್ಲ.
"ಬಾಗಿಲಲ್ಲೇ ಹೆದರಿಸಿದರೆ ಯಾರು ತಗೊಳ್ತಾರೆ? ಹಿಂದಕ್ಕೆ ಹಾಕು."
ಹೋದ ವರ್ಷವಾದರೆ ಹಾಕುತ್ತಿದ್ದೆ.
ಈ ಸಲ, ಆಗುವುದಿಲ್ಲ ಸಾರ್, ಅಂದೆ. ದನಿ ನಡುಗಿತು.
ಕಾಗದ ಬ್ಯಾಗಿನಲ್ಲಿತ್ತು. ಅವರು ಕೇಳಲಿಲ್ಲ, ನಾನು ತೆಗೆಯಲಿಲ್ಲ.
ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ, "ಇರಲಿ" ಅಂದರು.
ಅದರ ಬೆಲೆ ಎಷ್ಟೆಂದು ಕೇಳಿದರೆ ಇಷ್ಟೇ ಹೇಳಬಲ್ಲೆ.
ಸಂಬಳ ಏರಲಿಲ್ಲ.

ಬೀಗಿಕೊಂಡು ಕೂತಿದ್ದಾಗ ಕುಂಞಿರಾಮಣ್ಣ ಬಂದರು,
ಮೂವತ್ತು ವರ್ಷದ ಫಿಟ್ಟರ್, ಒಂದು ಸರ್ಟಿಫಿಕೇಟೂ ಇಲ್ಲ,
ಇಪ್ಪತ್ತೆರಡನೆಯ ಪುಟದ ಮೇಲೆ ಗ್ರೀಸಿನ ಹೆಬ್ಬೆಟ್ಟು ಒತ್ತಿದರು.
"ಈ ನಟ್ಟು ಲೆಫ್ಟ್ ಥ್ರೆಡ್. ಎಡಕ್ಕೆ ತಿರುಗಿಸಿದರೆ ಬಿಗಿಯುತ್ತೆ.
ಬಿಚ್ಚಲಿಕ್ಕೆ ಎಡಕ್ಕೆ ಅಂತ ಬರೆದಿದ್ದೀಯ.
ಅಮ್ಮತ್ತಿಯಲ್ಲಿ ಒಬ್ಬ ಹುಡುಗ ನಿನ್ನನ್ನು ನಂಬಿ
ತಿರುಗಿಸಿದ, ತಿರುಗಿಸಿದ, ಥ್ರೆಡ್ಡೇ ಹರಿದು ಹೋಯಿತು.
ಕೈಗೆ ಏನೂ ಆಗಲಿಲ್ಲ. ಪ್ಲಗ್ ಕಿತ್ತಿದ್ದ."

ಸರ್ಟಿಫಿಕೇಟಿನ ಕೆಳಗೆ ಇರುವೆಯಷ್ಟು ಅಕ್ಷರದಲ್ಲಿದೆ:
ಮೂರು ವರ್ಷಕ್ಕೊಮ್ಮೆ ನವೀಕರಿಸತಕ್ಕದ್ದು.
ಕುಂಞಿರಾಮಣ್ಣ ಅಷ್ಟು ಕಾಯಲಿಲ್ಲ.
ಬೆಂಚಿಗೆ ಕೂರಿಸಿ, ಸ್ಪ್ಯಾನರು ನನ್ನ ಕೈಗೇ ಕೊಟ್ಟು,
ಹನ್ನೊಂದು ನಟ್ಟು ಬಿಚ್ಚಿಸಿದರು, ಬಿಗಿಸಿದರು.
ನಾಲ್ಕು ಕಡೆ ಪುಸ್ತಕ ತಪ್ಪಿತ್ತು.

ಆ ಸಂಜೆ ಮತ್ತೆ ಮೊಯ್ದುಕಾಕನಲ್ಲಿಗೆ ಹೋದೆ,
ತಿದ್ದಿದ ಪುಸ್ತಕದ ಮೊದಲ ಪುಟ ಹಿಡಿದು,
ಅಂಟು ಕೈಗೂ ಹರಿಯದ ಹಾಗೆ, ತಂತಿಗೆ ತೂಗುವ ಹಾಗೆ,
ಪಲ್ಪರಿಗೊಂದರಂತೆ, ನಲವತ್ತು ಬೇಕು.
"ಇದಕ್ಕೂ ಇಪ್ಪತ್ತೇ ರೂಪಾಯಿ," ಅಂದರು,
ಅದಕ್ಕೂ ಇದಕ್ಕೂ ಒಂದೇ ಅಳತೆ.
ತುಟಿ ಆಡಿಸುತ್ತ ಮೂರು ಸಾಲನ್ನೂ ಓದಿದರು.
ಆಮೇಲೆ, ರೋಲರಿನ ಸಂದಿಯಲ್ಲಿ ಸಿಕ್ಕಿ ಸುರುಟಿದ್ದ
ಯಾರದೋ ಮದುವೆ ಕಾಗದವನ್ನು ಎಳೆಯಹೋದವರು
ಕೈ ಹಿಂದಕ್ಕೆ ತೆಗೆದು,
ಮೇಜಿನಡಿಗೆ ಬಗ್ಗಿ,
ಪ್ಲಗ್ ಕಿತ್ತರು.